ಮೆರಾಬ್ ಬದುಕಿದ್ದಾಳೆಂದು ಹೇಳಿ

ಹಡಗು ಹೊರಡುವ ವಾರ ನನ್ನ ಅಂಗಡಿಯ ಬಾಗಿಲಿಗೆ ಒಂದು ಕ್ಯಾನ್ವಾಸ್ ಚೀಲ ನೇತುಹಾಕಿರುತ್ತಿದ್ದರು. ನಾಂಟುಕೆಟ್ ದ್ವೀಪದ ಹೆಂಗಸರೆಲ್ಲ ಗಂಡನಿಗೋ ಮಗನಿಗೋ ಬರೆದ ಕಾಗದವನ್ನು ಅದರೊಳಗೆ ಹಾಕಿ, ಬಂದಿದ್ದಕ್ಕೆ ಒಂದಿಷ್ಟು ನೂಲೋ ಚಹಾವೋ ಕೊಂಡು ಹೋಗುತ್ತಿದ್ದರು. ವಿಳಾಸ ಅಂತ ಬರೆಯುವುದಕ್ಕೆ ಏನಿರುತ್ತದೆ? ತಿಮಿಂಗಿಲದ ಬೆನ್ನು ಹತ್ತಿ ಹೋದವನಿಗೆ ಬೀದಿಯೂ ಇಲ್ಲ, ಮನೆಯೂ ಇಲ್ಲ. ಅವನ ಹೆಸರು, ಅವನ ಹಡಗಿನ ಹೆಸರು, ಕೆಳಗೆ 'ಪೆಸಿಫಿಕ್ ಸಾಗರ'. ಅಷ್ಟೇ. ಆ ನೀರಿನಲ್ಲಿ ಎಲ್ಲಾದರೂ ನಮ್ಮ ಎರಡು ಹಡಗು ಎದುರಾದರೆ ಕಪ್ತಾನರಿಬ್ಬರೂ ಚೀಲ ಬಿಚ್ಚಿ, ತಮ್ಮ ತಮ್ಮ ಜನರದ್ದನ್ನು ಹೆಕ್ಕಿಕೊಳ್ಳುತ್ತಿದ್ದರು. ಎದುರಾಗದಿದ್ದರೆ ದೂರದ ಯಾವುದೋ ಬೋಳು ದ್ವೀಪದಲ್ಲಿ ಕಂಬಕ್ಕೆ ಬಡಿದ ಪೆಟ್ಟಿಗೆಯೊಂದಿತ್ತು, ಅದರಲ್ಲಿ ಹಾಕಿ ಮುಂದೆ ಹೋಗುತ್ತಿದ್ದರು. ಬರೆದಿದ್ದರಲ್ಲಿ ಅರ್ಧ ಮುಟ್ಟಿದರೆ ನಮ್ಮ ಪುಣ್ಯ. ಮುಟ್ಟುವುದಕ್ಕೂ ವರ್ಷ ಹಿಡಿಯುತ್ತಿತ್ತು, ಕೆಲವೊಮ್ಮೆ ಎರಡು.

ನಾನು ಡೈನಾ ಪಿಂಕಮ್. ನನ್ನ ಗಂಡನನ್ನು ಸಮುದ್ರ ಎಂದೋ ನುಂಗಿ ನೀರು ಕುಡಿದಿತ್ತು. ಹಾಗಾಗಿ ನನಗೆ ಬರೆಯುವವರೂ ಇರಲಿಲ್ಲ, ಬರೆಯಬೇಕಾದವರೂ ಇರಲಿಲ್ಲ. ಊರಿಗೆಲ್ಲ ಅತ್ತೆಯಾಗಿ ಅಂಗಡಿ ನೋಡಿಕೊಂಡಿದ್ದೆ. ಪಕ್ಕದ ಮನೆಯವಳು ಹೆಪ್ಸಿ ಸ್ವೇನ್. ಅವಳ ಗಂಡ ಜೆತ್ರೊ 'ಲೊರೇನಾ' ಹಡಗಿನಲ್ಲಿ ಈಟಿಗಾರ. ದೋಣಿಯ ಮುಂದುಗಡೆ ನಿಂತು ತಿಮಿಂಗಿಲಕ್ಕೆ ಮೊದಲ ಏಟು ಹಾಕುವ ಕೆಲಸ. ಎರಡು ಯಾನಗಳ ನಡುವೆ ಒಂದು ಚಳಿಗಾಲವಿಡೀ ಮನೆಯಲ್ಲಿದ್ದ. ಮಗಳು ಮೆರಾಬ್ ಆಗಿನ್ನೂ ಕೈಗೂಸು. ಅದನ್ನು ಕೋಟಿನೊಳಗೆ ತುರುಕಿಕೊಂಡು, ಬರೀ ತಲೆ ಹೊರಗೆ ಕಾಣುವ ಹಾಗೆ, ಹಡಗುಕಟ್ಟೆಯ ಮೇಲೆ ತಿರುಗುತ್ತಿದ್ದ. ಈ ಊರಿನ ಗಂಡಸರು ಮಗುವನ್ನು ಎತ್ತಿಕೊಳ್ಳುವುದು ಕಡಿಮೆ. ನಾವೆಲ್ಲ ನೋಡಿ ನಗುತ್ತಿದ್ದೆವು. ವಸಂತದಲ್ಲಿ ಅವನು ಹೊರಟುಹೋದ.

ಮೆರಾಬ್‌ಗೆ ಎರಡು ತುಂಬಿ ಮೂರನೆಯದು ನಡೆಯುವಾಗ, ಡಿಸೆಂಬರಿನಲ್ಲಿ, ಊರಿಗೆ ಗಂಟಲಮಾರಿ ಬಂತು. ಮಕ್ಕಳ ಗಂಟಲೊಳಗೆ ಬೂದು ಬಣ್ಣದ ಪೊರೆ ಕಟ್ಟಿ ಉಸಿರು ನಿಲ್ಲಿಸುವ ಕಾಯಿಲೆ. ನಮ್ಮ ಬೀದಿಯಲ್ಲೇ ಎರಡು ಮಕ್ಕಳು ಹೋಗಿದ್ದವು. ಮೆರಾಬ್‌ಗೂ ಅದು ತಗಲಿ ಮಲಗಿದ್ದ ದಿನವೇ 'ಸೂಸನ್ನಾ' ಎಂಬ ಹಡಗು ಬಂದರಿನ ಬಾಯಿಯ ಮರಳದಿಣ್ಣೆಯಾಚೆ ಲಂಗರು ಹಾಕಿ ಹೊರಡಲು ಸಿದ್ಧವಾಗಿತ್ತು. ಆ ವರ್ಷಕ್ಕೆ ಅದೇ ಕೊನೆಯ ಹಡಗು. ಅದಾದ ಮೇಲೆ ಬಂದರು ಹೆಪ್ಪುಗಟ್ಟಿದರೆ ವಸಂತದವರೆಗೆ ಒಂದು ಚೀಟಿಯೂ ದ್ವೀಪದಿಂದ ಹೊರಗೆ ಹೋಗುವಂತಿಲ್ಲ. ಸಂಜೆಯ ಉಬ್ಬರಕ್ಕೆ ಮುಂಚೆ ಚೀಲ ತೆಗೆದುಕೊಂಡು ಹೋಗಲು ದೋಣಿ ಬರುವುದಿತ್ತು, ಬೆಳಗಾದರೆ ಹಡಗು ಹೊರಡುವುದಿತ್ತು.

ಮಧ್ಯಾಹ್ನ ವೈದ್ಯರು ಬಂದು ಚಮಚದಿಂದ ಮಗುವಿನ ನಾಲಿಗೆ ಒತ್ತಿ ನೋಡಿ, ಚಮಚ ಒರೆಸಿಟ್ಟು, "ದೀಪ ಹಚ್ಚೋ ಹೊತ್ತಿಗೆ ಮುಗಿಯತ್ತಮ್ಮ. ತೊಡೆ ಮೇಲೇ ಹಾಕ್ಕೊಂಡು ಕೂತ್ಕೊ," ಅಂದು ಇನ್ನೊಂದು ಮನೆಗೆ ಹೋದರು. ಹಾಸಿಗೆಯ ಸುತ್ತ ನಾವು ಮೂರು ನಾಲ್ಕು ಹೆಂಗಸರಿದ್ದೆವು. ಎದುರುಮನೆಯ ರೋಡಾ ಬಂಕರ್ ಕಣ್ಣೊರೆಸಿಕೊಳ್ಳುತ್ತ ಹೇಳಿದಳು: "ನಮ್ಮನೆಯವರಿಗೆ ಬರೆದಿದೀನಿ ಹೆಪ್ಸಿ. ಅವರೂ ಲೊರೇನಾದಲ್ಲೇ ಇದಾರಲ್ಲ. ಜೆತ್ರೊಗೆ ಸಮಾಧಾನ ಹೇಳಿ ಅಂತ."

ಹೆಪ್ಸಿ ತಲೆ ಎತ್ತಿದಳು. "ಏನಂತ ಬರೆದೆ?"

"ಇದ್ದಿದ್ದನ್ನೇ ಬರೆದೆ. ಮಗು ಹೋಯ್ತು ಅಂತ."

"ಇನ್ನೂ ಉಸಿರಾಡ್ತಿದೆ ಕಣೆ ರೋಡಾ."

"ಅವರಿಗೆ ಅದು ಮುಟ್ಟೋದು ಮುಂದಿನ ವರ್ಷ. ದೋಣಿ ಬರೋಕೆ ಇನ್ನೊಂದು ಗಂಟೆ ಇಲ್ಲ. ಈಗ ಬರೀದಿದ್ರೆ ಇನ್ಯಾವಾಗ ಬರೀಲಿ?"

ಹೊರಗಿನವರಿಗೆ ಇದು ಕಟುಕತನ ಅನ್ನಿಸಬಹುದು. ಆದರೆ ನಮ್ಮ ದ್ವೀಪದಲ್ಲಿ ಬರೆಯುವುದೇ ಹಾಗೆ. ಕಾಗದ ತಲುಪುವ ಹೊತ್ತಿಗೆ ಏನಾಗಿರುತ್ತದೋ ಅದನ್ನೇ ಬರೆಯುತ್ತೇವೆ. ತುಂಬಿದ ಬಸುರಿ 'ನಿನಗೆ ಮಗುವಾಗಿದೆ' ಅಂತ ಬರೆಯುತ್ತಾಳೆ. ಅಟ್ಟದಲ್ಲಿ ಗೂರಲು ಕೆಮ್ಮುತ್ತಿರುವ ಮಾವನನ್ನು 'ತೀರಿಕೊಂಡರು' ಅಂತ ಬರೆದು, ಅಟ್ಟ ಹತ್ತಿ ಅದೇ ಮಾವನಿಗೆ ಮೀನಿನ ಸಾರು ಬಡಿಸುತ್ತಾಳೆ. ಮುಂದಿನ ಹಡಗಿಗಾಗಿ ಕಾದರೆ ಸುದ್ದಿ ಹಳಸಿ ಹೋಗುತ್ತದೆ. ಇನ್ನೂ ಒಂದಿದೆ. ಒಂದೇ ಚೀಲದಲ್ಲಿ ಇಡೀ ಬೀದಿಯ ಕಾಗದಗಳು ಹೋಗುತ್ತವೆ. ನಿನ್ನ ಮನೆಯ ಸಾವನ್ನು ನೀನು ಬರೆಯದಿದ್ದರೆ, ನಿನ್ನ ಗಂಡ ಅದನ್ನು ನಡುಸಮುದ್ರದಲ್ಲಿ ಇನ್ನೊಬ್ಬಳ ಗಂಡನ ಬಾಯಿಂದ ಕೇಳುತ್ತಾನೆ. ಅದಕ್ಕಿಂತ ದೊಡ್ಡ ದ್ರೋಹ ಹೆಂಡತಿಯಾದವಳು ಮಾಡಲಾರಳು ಅಂತ ನಮ್ಮಲ್ಲಿ ಎಲ್ಲರೂ ತಿಳಿದಿದ್ದರು.

ಹೆಪ್ಸಿ ಎಡಗೈಯನ್ನು ಮಗುವಿನ ಎದೆಯ ಮೇಲಿಟ್ಟುಕೊಂಡೇ ಬಲಗೈಯಲ್ಲಿ ಬರೆದಳು. ಹಲಗೆಯನ್ನು ನಾನು ಹಿಡಿದುಕೊಂಡಿದ್ದೆ. 'ಜೆತ್ರೊ, ನಮ್ಮ ಮೆರಾಬ್ ಈ ಸಂಜೆ ಹೋದಳು. ಕೊನೆಯವರೆಗೂ ನನ್ನ ಕೈ ಅವಳ ಮೇಲಿತ್ತು. ಬೇರೆಯವರ ಬಾಯಿಂದ ನೀನು ಕೇಳಬಾರದೆಂದು ಈಗಲೇ ಬರೆಯುತ್ತಿದ್ದೇನೆ.' ಇಷ್ಟೇ. ಬರೆದು ಮುಗಿಸಿದ ಮೇಲೂ ಎಡಗೈಯ ಕೆಳಗೆ ಆ ಪುಟ್ಟ ಎದೆ ಏರಿಳಿಯುತ್ತಿತ್ತು. ಅದನ್ನು ನೋಡುತ್ತ ನಿಲ್ಲಲು ನನಗಾಗಲಿಲ್ಲ. ಕಾಗದ ತೆಗೆದುಕೊಂಡು ಹೋಗಿ ಅರಗು ಹಾಕಿ ಚೀಲಕ್ಕೆ ಹಾಕಿದೆ. ದೋಣಿ ಬಂತು, ಚೀಲ ಹೋಯಿತು.

ದೀಪ ಹಚ್ಚಿದೆವು. ಮಗು ಹೋಗಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಮೈ ಬಿಲ್ಲಿನಂತೆ ಬಾಗಿಸಿ ಒಮ್ಮೆ ಜೋರಾಗಿ ಕೆಮ್ಮಿತು. ಆ ಹಾಳು ಪೊರೆ ತುಂಡಾಗಿ ಹೆಪ್ಸಿಯ ಮಡಿಲಿಗೆ ಬಿತ್ತು. ಮಗು ಉಸಿರೆಳೆದುಕೊಂಡು, ಒಡೆದ ದನಿಯಲ್ಲಿ ಹಾಲು ಕೇಳಿತು. ಹೆಪ್ಸಿ ನಕ್ಕಳು, ಅತ್ತಳು, ಮತ್ತೆ ನಕ್ಕಳು. ಆಮೇಲೆ ಇದ್ದಕ್ಕಿದ್ದ ಹಾಗೆ ಅವಳ ಮುಖ ಬಿಳಚಿಕೊಂಡಿತು.

"ಅತ್ತೆ, ಕಾಗದ."

ಮಗುವನ್ನು ರೋಡಾಳ ಕೈಗೆ ಹಾಕಿ ಇಬ್ಬರೂ ಓಡಿದೆವು. ಮುದುಕ ಇಕಬಾಡ್ ಮಾವ ತನ್ನ ಸಣ್ಣ ದೋಣಿಯಲ್ಲಿ ಬಲೆ ಜೋಡಿಸುತ್ತಿದ್ದ. ಬಲೆ ಬದಿಗೆ ತಳ್ಳಿ ಇಬ್ಬರನ್ನೂ ಹತ್ತಿಸಿಕೊಂಡ. ಗಾಳಿ ಮುಖ ಕೊಯ್ಯುತ್ತಿತ್ತು. ಮರಳದಿಣ್ಣೆ ದಾಟುವಾಗ ಸೂಸನ್ನಾ ಕಾಣಿಸಿತು. ಲಂಗರು ಎತ್ತಿ ಆಗಿತ್ತು, ಹಾಯಿಗಳು ಒಂದೊಂದಾಗಿ ತುಂಬಿಕೊಳ್ಳುತ್ತಿದ್ದವು. ಹೆಪ್ಸಿ ದೋಣಿಯಲ್ಲಿ ಎದ್ದು ನಿಂತು ಶಾಲು ಬಿಚ್ಚಿ ಬೀಸಿದಳು, ನಿಲ್ಲಿಸಿ, ನಿಲ್ಲಿಸಿ ಅಂತ ಕೂಗಿದಳು. ಹಡಗಿನ ಮೇಲಿನ ಹುಡುಗರು ಅವಳನ್ನು ಕಂಡರು. ಯಾರೋ ಒಬ್ಬಳು ಬೀಳ್ಕೊಡಲು ಇಷ್ಟು ದೂರ ಬಂದಿದ್ದಾಳೆ ಅಂದುಕೊಂಡು, ಟೋಪಿ ತೆಗೆದು ಎಲ್ಲರೂ ತಿರುಗಿ ಬೀಸಿದರು. ಬೀಸುತ್ತಲೇ ಹೋದರು.

"ಇನ್ನು ಆಗಲ್ಲಮ್ಮ, ದೋಣಿ ಮುಗುಚತ್ತೆ," ಅಂದ ಇಕಬಾಡ್ ಮಾವ. ಹೆಪ್ಸಿ ಕೂರಲಿಲ್ಲ. ನಾನು ಸೊಂಟ ಹಿಡಿದು ಕೂರಿಸಬೇಕಾಯಿತು.

ಆಮೇಲೆ ಶುರುವಾಯಿತು ಅವಳ ಬರವಣಿಗೆ. ವಸಂತದಲ್ಲಿ ಬಂದರು ಬಿಚ್ಚಿಕೊಂಡ ಮೇಲೆ ಹೊರಟ ಯಾವ ಹಡಗನ್ನೂ ಅವಳು ಬಿಡಲಿಲ್ಲ. ಬೇರೆ ಊರಿನ ಹಡಗುಗಳಿಗೂ ಕಳಿಸಿದಳು. 'ಮೆರಾಬ್ ಬದುಕಿದ್ದಾಳೆ. ಹಿಂದೆ ಬರೆದಿದ್ದು ಸುಳ್ಳಾಯಿತು. ಬದುಕಿದ್ದಾಳೆ.' ರೋಡಾಳೂ ತನ್ನ ಗಂಡ ಬಾರ್ನಬಸ್‌ಗೆ ಅದನ್ನೇ ಬರೆದಳು. ನಾನೂ ಬರೆದೆ. ನನ್ನ ಅಂಗಡಿಯ ಕಾಗದವೆಲ್ಲ ಹೆಪ್ಸಿಗೇ ಖರ್ಚಾಗುತ್ತಿತ್ತು. ಹಿಂದಿರುಗಿದ ಪ್ರತಿ ಹಡಗಿನ ಹುಡುಗರನ್ನೂ ಕಟ್ಟೆಯಲ್ಲೇ ತಡೆದು ಕೇಳುತ್ತಿದ್ದಳು: "ಲೊರೇನಾ ಸಿಕ್ತಾ? ಜೆತ್ರೊ ಸ್ವೇನ್ ಸಿಕ್ಕಿದ್ನಾ?" ಒಬ್ಬ ಜಪಾನಿನ ಕಡೆ ಕಂಡೆ ಅನ್ನುತ್ತಿದ್ದ, ಇನ್ನೊಬ್ಬ ಚಿಲಿಯ ಹತ್ತಿರ ಅನ್ನುತ್ತಿದ್ದ. ಯಾವ ಕಾಗದ ಮೊದಲು ಮುಟ್ಟಿತು ಅಂತ ಹೇಳುವವರು ಯಾರೂ ಇಲ್ಲ. ಜೆತ್ರೊನಿಂದ ಒಂದು ಸಾಲೂ ಬರಲಿಲ್ಲ. ಅವಳು ಕೃಶವಾದಳು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ರೊಟ್ಟಿ ಒಲೆಯ ಮೇಲೆ ಸೀದುಹೋಗುತ್ತಿದ್ದರೂ ಮಾಡಿನ ಮೇಲಿನ ಅಟ್ಟಣೆ ಹತ್ತಿ ಸಮುದ್ರ ನೋಡುತ್ತ ನಿಂತಿರುತ್ತಿದ್ದಳು. ಮೆರಾಬ್ ಮಾತ್ರ ಗುಂಡಗೆ ಬೆಳೆಯಿತು. ಗಂಟಲ ಕಾಯಿಲೆಯಿಂದ ಉಳಿದ ಗೊಗ್ಗರು ದನಿಯಲ್ಲಿ ದಿನವಿಡೀ ಮಾತಾಡುತ್ತಿತ್ತು.

ಮಗುವಿಗೆ ಆರು ನಡೆಯುವಾಗ ಲೊರೇನಾ ಹಿಂದಿರುಗಿತು. ಹೆಪ್ಸಿ ಮೆರಾಬ್‌ಗೆ ಹೊಸ ಉಡುಪು ತೊಡಿಸಿ, ತಲೆ ಬಾಚಿ, ಕೈ ಹಿಡಿದುಕೊಂಡು ಕಟ್ಟೆಯ ತುದಿಯಲ್ಲಿ ನಿಂತಳು. ದೋಣಿಗಳು ಬಂದವು, ಗಂಡಸರು ಇಳಿದರು. ಜೆತ್ರೊ ಇಳಿಯಲಿಲ್ಲ. ರೋಡಾಳ ಗಂಡ ಬಾರ್ನಬಸ್ ತನ್ನ ಹೆಂಡತಿಯನ್ನೂ ಮಾತಾಡಿಸದೆ ನೇರ ನಮ್ಮ ಹತ್ತಿರ ಬಂದ. ಕೈಯಲ್ಲಿ ಹುರಿ ಕಟ್ಟಿದ ಒಂದು ಕಟ್ಟು.

"ಅಂಗಡಿಗೆ ಹೋಗೋಣ ಅತ್ತೆ. ಇಲ್ಲಿ ಬೇಡ," ಅಂದ.

ಅಂಗಡಿಯಲ್ಲಿ ಕಟ್ಟನ್ನು ಮೇಜಿನ ಮೇಲಿಟ್ಟ. ಎಲ್ಲವೂ ಹೆಪ್ಸಿಯ ಕಾಗದಗಳು. ಒಂದರ ಅರಗೂ ಒಡೆದಿರಲಿಲ್ಲ.

"ಸತ್ತನಾ?" ಅಂದಳು ಹೆಪ್ಸಿ.

"ಇಲ್ಲ. ಹೋದ." ಬಾರ್ನಬಸ್ ಕಣ್ಣು ನೆಲ ಬಿಟ್ಟು ಏಳಲಿಲ್ಲ. "ಲಹೈನಾ ಬಂದರಲ್ಲಿ ನೀರು ತುಂಬಿಸ್ಕೊಳ್ತಿದ್ವಿ. ಸೂಸನ್ನಾದವರು ತಂದ ಚೀಲ ಅಲ್ಲೇ ಸಿಕ್ತು. ಅವನು ನಿಂತ್ಕೊಂಡೇ ಓದಿದ. ಮಡಿಚಿ ಜೇಬಿಗೆ ಹಾಕ್ಕೊಂಡ. ಕಪ್ತಾನರ ಹತ್ರ ಹೋಗಿ ನನ್ನ ಬಿಟ್ಬಿಡಿ ಅಂದ. ಈಟಿಗಾರನ್ನ ಯಾವ ಕಪ್ತಾನ ಬಿಡ್ತಾನೆ? ಬಿಡಲ್ಲ ಅಂದ್ರು. ಅವತ್ತೇ ಗುಡ್ಡ ಹತ್ತಿ ಓಡಿಹೋದ. ಹೋಗೋಕೆ ಮುಂಚೆ ನನಗಿಷ್ಟೇ ಹೇಳಿದ್ದು, ಮನೆಗೆ ಹೋಗಿ ಆ ಮಗು ಇಲ್ಲದ ಹಾಸಿಗೆ ನೋಡೋದು ನನ್ನ ಕೈಲಾಗಲ್ಲ ಅಂತ. ಅವನು ಹೋದ ಅಂತ ನಾನು ರೋಡಾಗೆ ಬರೆದಿದ್ದೆ, ಮುಟ್ಟಿಲ್ಲ ಅಂತ ಕಾಣತ್ತೆ. ಮಗು ಉಳೀತು ಅಂತ ರೋಡಾ ಬರೆದಿದ್ದು, ಇವೆಲ್ಲ, ಆಮೇಲೆ ಬಂದ್ವು. ಅಷ್ಟೊತ್ತಿಗೆ ಅವನು ಯಾವ ಹಡಗೋ, ಯಾವ ಹೆಸರೋ. ಓಡಿಹೋದವನು ಸ್ವಂತ ಹೆಸರಲ್ಲಿ ಇರ್ತಾನಾ?"

ಇಷ್ಟು ವರ್ಷ ಅವಳು ಬರೆದಿದ್ದೆಲ್ಲ ಅವನಿಲ್ಲದ ಹಡಗಿಗೆ ಹೋಗಿ ಬಿದ್ದಿತ್ತು. ಹೆಪ್ಸಿ ಕಟ್ಟನ್ನು ಮುಟ್ಟಲಿಲ್ಲ. ಬಾರ್ನಬಸ್ ಹೋದ ಮೇಲೆ, "ನಾನಿದ್ದೆನಲ್ಲ ಅತ್ತೆ," ಅಂದಳು. "ನಾನೇನೂ ಸತ್ತಿರಲಿಲ್ಲವಲ್ಲ. ನನ್ನ ನೋಡೋಕಾದ್ರೂ ಬರಬಹುದಿತ್ತಲ್ಲ."

ನಮ್ಮ ಗಂಡಸರು ತಿಮಿಂಗಿಲದೆದುರು ಎದೆಯೊಡ್ಡಿ ನಿಲ್ಲುತ್ತಾರೆ, ದುಃಖ ಅಂದರೆ ಮಾತ್ರ ಬಾಲ ಮುದುರಿಕೊಂಡು ಓಡುತ್ತಾರೆ.

ಅವಳು ಅಳುತ್ತ ಕೂರುವವಳಲ್ಲ. ಹಡಗಿನ ಹೆಸರೇ ಗೊತ್ತಿಲ್ಲದವನಿಗೆ ಕಾಗದ ಕಳಿಸುವುದು ಹೇಗೆ? ಅವಳೇ ಒಂದು ದಾರಿ ಹುಡುಕಿದಳು. ಅರಗಿಲ್ಲದೆ, ಬಿಚ್ಚಿದ ಕಾಗದವೊಂದನ್ನು ಹೊರಡುವ ಪ್ರತಿ ಹಡಗಿಗೂ ಕೊಡತೊಡಗಿದಳು. 'ಎಡಗೈಯ ಕಿರುಬೆರಳು ಹಗ್ಗಕ್ಕೆ ಸಿಕ್ಕಿ ಅರ್ಧ ಹೋಗಿರುವ, ಕೆಂಚು ಕೂದಲಿನ, ನಾಂಟುಕೆಟ್ ಮಾತಿನ ಒಬ್ಬ ಈಟಿಗಾರ ಎಲ್ಲಿ ಸಿಕ್ಕಿದರೂ, ಅವನ ಹೆಸರು ಏನೇ ಇರಲಿ, ಮೆರಾಬ್ ಬದುಕಿದ್ದಾಳೆಂದು ಹೇಳಿ.' ಬೇರೆಯವರ ಬಾಯಿಂದ ಅವನು ಏನನ್ನೂ ಕೇಳಬಾರದು ಅಂತ ಅಂದು ಬರೆದವಳು ಈಗ ಊರಿಗೆಲ್ಲ, ಪರವೂರಿಗೆಲ್ಲ ಬಾಯಿ ಹಂಚುತ್ತಿದ್ದಳು.

ಕಾಗದ ಸಾಲದೆಂದು ಮಗುವನ್ನೇ ಕರೆದುಕೊಂಡು ಹೋಗತೊಡಗಿದಳು. ಹುಡುಗರು ದೋಣಿ ಹತ್ತಲು ನಿಂತಿರುವಾಗ ಮೆರಾಬ್‌ಳನ್ನು ಎಣ್ಣೆಯ ಪೀಪಾಯಿಯೊಂದರ ಮೇಲೆ ನಿಲ್ಲಿಸಿ, "ನೋಡ್ಕೊಳಿ. ಸರಿಯಾಗಿ ನೋಡ್ಕೊಳಿ. ಕಣ್ಣಾರೆ ನೋಡಿದೀನಿ ಅಂತ ಹೇಳಬೇಕು," ಅನ್ನುತ್ತಿದ್ದಳು. ಮಗುವಿಗೆ, "ಮಾತಾಡು, ದನಿ ಕೇಳಿಸ್ಕೊಳ್ಲಿ," ಅನ್ನುತ್ತಿದ್ದಳು. ಮೊದಮೊದಲು ಹುಡುಗರು ಟೋಪಿ ತೆಗೆದು ಮರ್ಯಾದೆಯಿಂದ ನೋಡುತ್ತಿದ್ದರು. ಬರಬರುತ್ತ ಕೆಲವರು ನಕ್ಕರು. ಒಂದು ದಿನ ನಮ್ಮ ಪ್ರಾರ್ಥನಾ ಸಭೆಯ ಹಿರಿಯರು ಬೂದು ಕೋಟು ತೊಟ್ಟು ಗಂಭೀರವಾಗಿ ಅಂಗಡಿಗೆ ಬಂದರು. ಮಗುವನ್ನು ಸಂತೆಯ ಕರುವಿನಂತೆ ನಿಲ್ಲಿಸುವುದು ಶೋಭೆಯಲ್ಲ, ದೇವರ ಇಚ್ಛೆಗೆ ತಲೆಬಾಗಬೇಕು ಎಂದರು.

"ದೇವರ ಇಚ್ಛೆ ಅವಳನ್ನ ಉಳಿಸೋದಾಗಿತ್ತು," ಅಂದಳು ಹೆಪ್ಸಿ. "ಅದನ್ನೇ ನಾನು ಹೇಳ್ತಿರೋದು. ನಿಮಗೆ ಅದರಲ್ಲಿ ಏನು ತೊಂದರೆ?"

ಹಿರಿಯರು ಟೋಪಿ ತೆಗೆದುಕೊಂಡು ಹೋದರು. ನಾನು ಒಳಗೊಳಗೇ ಹಿಗ್ಗಿದೆ. ಆದರೆ ಮೆರಾಬ್ ಆ ಸಂಜೆ ನನ್ನ ಹತ್ತಿರ ಕಾಕಂಬಿ ನೆಕ್ಕುತ್ತ ಕೇಳಿದ್ದು ಈಗಲೂ ಚುಚ್ಚುತ್ತದೆ.

"ಅಜ್ಜಿ, ನಾಳೆ ಇನ್ನೊಂದು ಹಡಗಿದೆಯಂತೆ. ನಾಳೇನೂ ನಾನು ಬದುಕಿದೀನಿ ಅಂತ ತೋರಿಸ್ಬೇಕಾ?"

"ಇನ್ನೊಂದು ಸಲ ಕಣೆ ಕಂದ."

"ಅಪ್ಪ ಬಂದ್ಮೇಲೆ ಸುಮ್ನೆ ಇರಬಹುದಾ?"

"ಇರಬಹುದು," ಅಂದೆ.

ಮೆರಾಬ್‌ಗೆ ಒಂಬತ್ತಾಗಿತ್ತು. ಮೂರು ವರ್ಷದ ಮೇಲೆ ಊರಿಗೆ ಬಂದಿಳಿದ ಸೈಲಸ್ ವರ್ತ್ ಎಂಬ ನಾವಿಕ, ಗಡ್ಡವನ್ನೂ ಬೋಳಿಸಿಕೊಳ್ಳದೆ ನನ್ನ ಅಂಗಡಿಗೆ ಬಂದು, ಹೆಪ್ಸಿ ಸ್ವೇನ್ ಮನೆ ಯಾವುದು ಅಂತ ಕೇಳಿದ. ಅವನು ಹೊರಡುವಾಗ ಪೀಪಾಯಿಯ ಮೇಲೆ ನಿಂತ ಹುಡುಗಿಯನ್ನು ನೋಡಿದ್ದವನು. ನಾನು ಗೋಡೆ ತಟ್ಟಿದೆ. ಹೆಪ್ಸಿ ಹಿಟ್ಟಿನ ಕೈಯಲ್ಲೇ ಓಡಿಬಂದಳು, ಹಿಂದೆ ಮೆರಾಬ್.

"ಸಿಕ್ಕಿದ," ಅಂದ ಸೈಲಸ್. "ಪೆರುವಿನಲ್ಲಿ, ಪೈಟಾ ಬಂದರಲ್ಲಿ. ದೋಣಿ ರಿಪೇರಿ ಮಾಡ್ಕೊಂಡಿದಾನೆ. ಕಿರುಬೆರಳು ನೋಡ್ದೆ. ಕೂದಲು ನೋಡ್ದೆ. ಹೆಸರು ಬೇರೆ ಹೇಳ್ದ, ಆದ್ರೆ ಮಾತು ನಮ್ಮದೇ."

ಹೆಪ್ಸಿ ಮೇಜು ಹಿಡಿದುಕೊಂಡಳು. "ಹೇಳಿದೆಯಾ?"

"ಹೇಳ್ದೆ. ಪಕ್ಕದಲ್ಲೇ ಕೂತು ಹೇಳ್ದೆ. ಮೆರಾಬ್ ಬದುಕಿದಾಳೆ, ನಾನೇ ನೋಡಿದೀನಿ, ದನಿ ಗೊಗ್ಗರು, ಮುಂದಿನ ಹಲ್ಲು ಬಿದ್ದಿತ್ತು ಅಂತ ಎಲ್ಲ ಹೇಳ್ದೆ."

"ಏನಂದ?"

ಸೈಲಸ್ ಮೆರಾಬ್ ಕಡೆ ನೋಡಿದ. ಹೇಳಲೋ ಬೇಡವೋ ಎಂಬಂತೆ ನನ್ನ ಕಡೆ ನೋಡಿದ.

"ಹೇಳು," ಅಂದಳು ಹೆಪ್ಸಿ.

"ನಾನು ಮೂರನೆಯವನಂತೆ. ಮುಂಚೆ ಇಬ್ಬರು ಬಂದು ಇದನ್ನೇ ಹೇಳಿದ್ರಂತೆ. ಓಡಿಹೋದವರನ್ನ ವಾಪಸ್ ಎಳೆಯೋಕೆ ಕಪ್ತಾನರು ಇಂಥ ಸುಳ್ಳೆಲ್ಲ ಹೇಳಿ ಕಳಿಸ್ತಾರಲ್ಲ, ತಾಯಿ ಸಾಯ್ತಿದಾಳೆ, ಮಗು ಕೇಳ್ತಿದೆ ಅಂತ. ನೀನು ಎಷ್ಟು ದುಡ್ಡಿಗೆ ಬಂದೆ ಅಂತ ನನ್ನ ಕೇಳ್ದ. ಕೋಪ ಮಾಡ್ಕೊಂಡಿರಲಿಲ್ಲ, ಸುಸ್ತಾದವನ ಹಾಗಿದ್ದ. ಆಮೇಲೆ ಜೇಬಿಂದ ಒಂದು ಕಾಗದ ತೆಗೆದ. ಮಡಿಕೆ ಮಡಿಕೆಲೂ ಹರಿದು, ಬಟ್ಟೆ ಮೇಲೆ ಅಂಟಿಸಿ ಇಟ್ಕೊಂಡಿದಾನೆ. ಇದು ನನ್ನ ಹೆಂಡತಿ ಕೈ ಬರಹ. ಮಗು ಅವಳ ಕೈಯಡಿ ಹೋಗಿದೆ. ಅವಳಿಗಿಂತ ನಿನಗೆ ಗೊತ್ತಾ ಅಂದ."

ಹೆಪ್ಸಿ ಮೆರಾಬ್‌ಳನ್ನು ಹತ್ತಿರ ಎಳೆದುಕೊಂಡಳು.

"ನೀವು ಕೊಟ್ಟ ಕಾಗದ ಹಡಗಲ್ಲಿತ್ತು," ಅಂದ ಸೈಲಸ್. "ಇಲ್ಲೇ ಇರು, ತಂದು ತೋರಿಸ್ತೀನಿ ಅಂತ ಓಡ್ದೆ. ನಾನು ಹಡಗಿನವರನ್ನ ಕರ್ಕೊಂಡು ಬಂದು ಹಿಡಿಸ್ತೀನಿ ಅಂದ್ಕೊಂಡ ಅಂತ ಕಾಣತ್ತೆ. ವಾಪಸ್ ಬರೋ ಹೊತ್ತಿಗೆ ಸಾಮಾನೂ ಇರಲಿಲ್ಲ, ಅವನೂ ಇರಲಿಲ್ಲ. ಬೆಟ್ಟದ ಕಡೆ ಹೋದ ಅಂದ್ರು. ಎರಡು ದಿನ ಹುಡುಕಿದೆ ಅಮ್ಮ. ಇನ್ನು ಆ ಬಂದರಿಗೆ ಅವನು ಬರಲ್ಲ. ಯಾವ ಬಂದರಿಗೂ ಬರಲ್ಲ ಅನ್ಸತ್ತೆ."

ನನ್ನ ಸಹನೆಯ ಕಟ್ಟೆಯೊಡೆಯಿತು. "ಮೂರು ಜನ ಬಂದು ಕಣ್ಣಾರೆ ನೋಡಿದೀವಿ ಅಂದ್ರೂ ನಂಬದೇ ಇರೋಕೆ ಅವನ ತಲೇಲಿ ಏನು ತುಂಬಿದೆ? ಮೂಢ. ಕಡುಮೂಢ. ಇಂಥವನಿಗೋಸ್ಕರ ನೀನು ಇಷ್ಟು ವರ್ಷ—"

"ಬೈಬೇಡ ಅತ್ತೆ," ಅಂದಳು ಹೆಪ್ಸಿ. ಮೆರಾಬ್ ಅವಳ ಮಗ್ಗುಲಿಗೆ ಅಂಟಿಕೊಂಡು ನಿಂತಿತ್ತು. ಹೆಪ್ಸಿ ಹಿಟ್ಟು ಮೆತ್ತಿದ ಕೈಯನ್ನು ಮಗಳ ತಲೆಯ ಮೇಲಿಟ್ಟು, ಸೈಲಸ್‌ನ ಕಡೆಗಾಗಲೀ ನನ್ನ ಕಡೆಗಾಗಲೀ ನೋಡದೆ ಹೇಳಿದಳು. "ಮದುವೆಯಾದಾಗಿಂದ ನಾನು ಹೇಳಿದ ಒಂದೊಂದು ಮಾತನ್ನೂ ನಂಬಿದವನು ಅವನು."